ಅವ್ವನಿಗೆ ನೀರು ಕಾಣಬೇಕಿತ್ತು

“ರಾತ್ರಿ ಹಡಗ ಎಲ್ಲಿ ನಿಂದ್ರಸ್ತಾರ?”

ಅವ್ವ ಕೇಳಿದ ಮೊದಲ ಪ್ರಶ್ನೆ ಇದು. ಮೇ ತಿಂಗಳ ಒಂದು ಭಾನುವಾರ. ರಾಯಚೂರಿನ ಬಿಸಿಲಿಗೆ ಕಿಟಕಿ ಬಾಗಿಲು ಮುಚ್ಚಿ, ಕೂಲರ್ ಹಚ್ಚಿ, ಸೀಕರಣೆ ಊಟ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಕೂತಿದ್ದೆವು. ಅಪ್ಪ, ಅವ್ವ, ನಮ್ಮ ಮನೆಯವರು, ಮಗಳು, ನಾನು. ಫೋನಿನಲ್ಲಿ ಬೆಂಗಳೂರಿನ ತಮ್ಮ. ಬರುವ ಜನವರಿಗೆ ಅಪ್ಪ-ಅವ್ವನ ಮದುವೆಯಾಗಿ 45 ವರ್ಷ. ಇಬ್ಬರೂ ಸಮುದ್ರ ನೋಡಿದ್ದು ಒಂದೇ ಸಲ, ಗೋಕರ್ಣದ ದಂಡೆಯಲ್ಲಿ ನಿಂತು. ಈ ಸಲ ಹಡಗಿನಲ್ಲಿ ಕರೆದುಕೊಂಡು ಹೋಗಬೇಕು ಅಂತ ನಾನೂ ತಮ್ಮನೂ ಒಂದು ತಿಂಗಳಿಂದ ಮಾತಾಡಿಕೊಂಡಿದ್ದೆವು. ಯಾವ ಹಡಗು, ಯಾವ ಊರು, ಎಷ್ಟು ದಿನ, ಎಲ್ಲವನ್ನೂ ಆ ಮಧ್ಯಾಹ್ನ ತೀರ್ಮಾನ ಮಾಡಬೇಕಿತ್ತು.

“ನಿಂದ್ರಸೋದಿಲ್ಲ ಅವ್ವ. ರಾತ್ರಿಯಿಡೀ ನಡೀತಿರ್ತದ. ಬೆಳಿಗ್ಗೆ ಎದ್ರ ಬ್ಯಾರೆ ಊರು” ಅಂದೆ. ಅವ್ವ ಏನೂ ಹೇಳಲಿಲ್ಲ. ವೀಳ್ಯದೆಲೆಯ ನಾರು ತೆಗೆಯುತ್ತಾ ಸುಮ್ನೆ ಕೂತಳು. ನಾವು ನಮ್ಮ ಲೆಕ್ಕಾಚಾರಕ್ಕೆ ಇಳಿದೆವು.

ತಮ್ಮನ ಮನಸ್ಸೆಲ್ಲ ಸಿಂಗಪುರದ ಮೇಲೆ. ಅಲ್ಲಿಂದ ಪೆನಾಂಗ್, ಫುಕೆಟ್ ಕಡೆಗೆ ಹೋಗುವ ಹಡಗುಗಳು ಬಹಳ ದೊಡ್ಡವು. ಮೂರು ಸಾವಿರಕ್ಕೂ ಜಾಸ್ತಿ ಜನ ಹಿಡಿಯುತ್ತಾರೆ. ನೀರಿನ ಜಾರುಬಂಡಿ, ಸಿನಿಮಾ, ಏನೆಲ್ಲ ಇದೆ ಅಂತ ಅವನು ತೋರಿಸಿದ ಚಿತ್ರಗಳನ್ನು ನೋಡಿ ಮಗಳು ಕುಣಿದಳು. ನನಗೂ ಆಸೆ ಆಯಿತು. ಆದರೆ ಅಪ್ಪ-ಅವ್ವನಿಗೆ ಪಾಸ್‌ಪೋರ್ಟ್ ಇಲ್ಲ. ವಿಮಾನ ಹತ್ತಿದವರಲ್ಲ. ವೀಸಾ ಬೇಕು, ಅದೂ ಹಡಗು ಸುತ್ತಾಡಿ ಮತ್ತೆ ಸಿಂಗಪುರಕ್ಕೇ ಬರುವುದರಿಂದ ಒಂದೇ ಸಲ ಒಳಗೆ ಬಿಡುವ ವೀಸಾ ಸಾಕಾಗುವುದಿಲ್ಲ. ಮೊದಲನೇ ಸಲದ ವಿಮಾನ, ಮೊದಲನೇ ಸಲದ ಪರದೇಶ, ಮೊದಲನೇ ಸಲದ ಹಡಗು, ಮೂರನ್ನೂ ಒಟ್ಟಿಗೆ ಅವರ ಮೇಲೆ ಹೇರುವುದು ಬೇಡ ಅನ್ನಿಸಿತು. ತಮ್ಮನೂ ಒಪ್ಪಿದ. ಮಗಳಿಗೆ ಸ್ವಲ್ಪ ಬೇಜಾರಾಯಿತು.

ಉಳಿದದ್ದು ಮುಂಬೈ. ಅಲ್ಲಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು 2021ರ ಸೆಪ್ಟೆಂಬರಿನಿಂದ ಓಡಾಡುತ್ತಿದೆ. ದೇಶದೊಳಗಿನ ಪ್ರಯಾಣಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಹಡಗು ಹೊಸದಲ್ಲ, 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು. 11 ಅಂತಸ್ತು. ಉದ್ದ ಸುಮಾರು 210 ಮೀಟರ್. ನಮ್ಮ ಮನೆಯವರು ಅದನ್ನು ಅವ್ವನಿಗೆ ಹೀಗೆ ಹೇಳಿದರು: “ಅತ್ತಿ, ನಮ್ಮ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಒಂಬತ್ತು ಡಬ್ಬಿ ಸಾಲಾಗಿ ನಿಂತಂಗ. ಅದರ ಮ್ಯಾಲೆ ಹನ್ನೊಂದು ಮಾಳಿಗಿ.” ಅವ್ವ ಒಮ್ಮೆ ತಲೆ ಎತ್ತಿ ನೋಡಿದಳು.

ಉದ್ಯಾನ್ ಎಕ್ಸ್‌ಪ್ರೆಸ್ಸಿನ ಮಾತು ಬಂದಾಗ ನನಗೆ ಒಂದು ಸಮಾಧಾನ. ರಾಯಚೂರಿನಲ್ಲಿ ಹತ್ತಿದರೆ ಸೀದಾ ಮುಂಬೈ ಸಿಎಸ್‌ಎಂಟಿ ನಿಲ್ದಾಣ. ಅಲ್ಲಿಂದ ಬಂದರು ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರ. ಆದರೆ ಹಡಗಿನ ದಿನವೇ ಮುಂಬೈ ಮುಟ್ಟುವ ಹಾಗೆ ರೈಲಿಗೆ ಹೋಗಬಾರದು. ರೈಲು ನಾಲ್ಕು ಗಂಟೆ ತಡವಾದರೆ ನಾವು ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತೇವೆ. ಹಡಗು ನಮಗಾಗಿ ಕಾಯುವುದಿಲ್ಲ. ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಮುಂಬೈಯಲ್ಲಿ ಉಳಿಯುವುದು ಅಂತ ಮೊದಲಿಗೇ ಬರೆದಿಟ್ಟುಕೊಂಡೆ.

ಲಕ್ಷದ್ವೀಪವನ್ನು ನಾನೇ ಕೈಬಿಟ್ಟೆ, ಮನಸ್ಸಿಲ್ಲದ ಮನಸ್ಸಿನಿಂದ. ಅಲ್ಲಿ ದ್ವೀಪದ ಸುತ್ತ ನೀರಿನ ಆಳ ಕಡಿಮೆ. ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋಗಬೇಕು. ಅಲೆಗೆ ದೋಣಿ ಏಳುತ್ತಾ ಬೀಳುತ್ತಾ ಇರುವಾಗ ಅವ್ವನ ಮೊಣಕಾಲು ಅದನ್ನು ತಡೆಯುವುದಿಲ್ಲ. ಗೋವಾದ ಮೊರ್ಮುಗಾವ್ ಬಂದರಿನಲ್ಲಿ ಹಡಗು ದಕ್ಕೆಗೇ, ಅಂದರೆ ದಡದ ಕಟ್ಟೆಗೇ, ಹತ್ತಿ ನಿಲ್ಲುತ್ತದೆ. ಮೆಟ್ಟಿಲಿಳಿದು ನಡೆದು ಹೋಗಬಹುದು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಊರಿನ ಅಂದಕ್ಕಿಂತ ಮೊದಲು ಇದನ್ನು ಕೇಳಬೇಕು: ಹಡಗು ದಕ್ಕೆಗೆ ಹತ್ತುತ್ತದೋ, ದೋಣಿಗೆ ಇಳಿಯಬೇಕೋ?

ಯಾವ ತಿಂಗಳು ಅನ್ನುವುದಕ್ಕೆ ನಮ್ಮ ಬ್ಯಾಂಕಿನ ಕುಮಟಾದವರೊಬ್ಬರು ಮೊದಲೇ ದಾರಿ ತೋರಿಸಿದ್ದರು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಶ್ರಾವಣದ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡುತ್ತಾರೆ. “ಅಲ್ಲಿಯವರೆಗೆ ಸಮುದ್ರ ನಮ್ಮ ಮಾತು ಕೇಳೋದಿಲ್ಲ ಮೇಡಂ. ಡಿಸೆಂಬರ್, ಜನವರಿಗೆ ಹೋಗಿ, ಆಗ ತಣ್ಣಗಿರ್ತದೆ” ಅಂದಿದ್ದರು. ಮದುವೆ ದಿನವೂ ಜನವರಿಯಲ್ಲೇ. ಆ ವಿಷಯ ಅಲ್ಲಿಗೆ ಮುಗಿಯಿತು.

ದುಡ್ಡಿನ ವಿಷಯ ಅಷ್ಟು ಬೇಗ ಮುಗಿಯಲಿಲ್ಲ. ಹಿಂದಿನ ವಾರ ಊರಿನ ಒಬ್ಬ ಏಜೆಂಟರ ಹತ್ತಿರ ಹೋಗಿದ್ದೆ. ಅವರು ಹೇಳಿದ ದರ ಕೇಳಿ ಅಲ್ಲೇ ಮುಂಗಡ ಕೊಡಲು ಕೈ ಮುಂದಾಗಿತ್ತು. ಮನೆಗೆ ಬಂದು ಕಾಗದ ಓದಿದಾಗ ಎರಡು ವಿಷಯ ಕಂಡವು. ಒಂದು, ಬಂದರಿನ ಶುಲ್ಕ, ಟಿಪ್ಸ್, ಜಿಎಸ್‌ಟಿ ಆ ದರದಲ್ಲಿ ಸೇರಿರಲಿಲ್ಲ. ಕೂಡಿಸಿದರೆ ಲೆಕ್ಕ ಎಲ್ಲಿಗೋ ಹೋಗುತ್ತಿತ್ತು. ಎರಡನೆಯದು ನನಗೆ ಜಾಸ್ತಿ ಸಿಟ್ಟು ತಂದಿತು. ಅದು ಒಂದೇ ಕ್ಯಾಬಿನ್ನಿನಲ್ಲಿ ನಾಲ್ಕು ಜನ ಮಲಗುವ ದರ. ಮೂರನೆಯ, ನಾಲ್ಕನೆಯ ಹಾಸಿಗೆ ಗೋಡೆಯಿಂದ ಬಿಚ್ಚಿಕೊಳ್ಳುವ ಮೇಲಿನ ಬರ್ತು. ಏಣಿ ಹತ್ತಿ ಮಲಗಬೇಕು. ಅಪ್ಪ-ಅವ್ವನ ವಯಸ್ಸು ಹೇಳಿದ ಮೇಲೂ ಅವರು ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಊಟ, ತಿಂಡಿ, ಆಟ, ಹಾಡಿನ ಕಾರ್ಯಕ್ರಮ ದರದಲ್ಲಿ ಸೇರಿರುತ್ತವೆ. ಹೆಂಡ, ಸ್ಪಾ, ಇಂಟರ್ನೆಟ್, ಊರು ತಿರುಗಿಸುವ ಬಸ್ಸು ಸಾಮಾನ್ಯವಾಗಿ ಸೇರಿರುವುದಿಲ್ಲ. ಸಮುದ್ರದ ನಡುವೆ ಫೋನು ತಾನಾಗಿಯೇ ಹಡಗಿನ ನೆಟ್‌ವರ್ಕಿಗೆ ಹತ್ತಿದರೆ ಬಿಲ್ಲು ಬೇರೆ. ಅದಕ್ಕೆ ಹಡಗು ಹೊರಟ ಕೂಡಲೇ ಏರೋಪ್ಲೇನ್ ಮೋಡಿಗೆ ಹಾಕಿಬಿಡಬೇಕು. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿಸಿ, ಐದು ಜನಕ್ಕೆ ಎರಡು ಕ್ಯಾಬಿನ್ ಅಂತ ಲೆಕ್ಕ ಹಾಕಿದೆವು. ನಮಗೆ ಮೂವರಿಗೆ ಒಂದು, ಅಪ್ಪ-ಅವ್ವನಿಗೆ ಒಂದು.

ಇನ್ನು ಕ್ಯಾಬಿನ್ ಯಾವುದು? ಅಪ್ಪನಿಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಸಿಂಧನೂರು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರೆ ತಲೆ ಹೋಗಿ ಛಾವಣಿಗೆ ಬಡಿಯುತ್ತದೆ, ನಡುವಿನ ಸೀಟಿನಲ್ಲಿ ಅಷ್ಟಿಲ್ಲ, ಅಲ್ವಾ? ಹಡಗಿನದೂ ಅದೇ ಲೆಕ್ಕ. ತುದಿಗಳು ಜಾಸ್ತಿ ಏಳುತ್ತವೆ, ಮೇಲಿನ ಅಂತಸ್ತುಗಳು ಜಾಸ್ತಿ ತೂಗುತ್ತವೆ. ಕೆಳಗಿನ ಅಂತಸ್ತು, ಹಡಗಿನ ನಡುಭಾಗ, ಇದು ಅಲುಗಾಟ ಕಡಿಮೆ ಇರುವ ಜಾಗ. ಕಿವಿಯೊಳಗೆ ಸಮತೋಲನ ಕಾಯುವ ಭಾಗ ಅಲುಗುತ್ತಿದೆ ಅನ್ನುತ್ತದೆ, ಕಣ್ಣು ಕೋಣೆ ನಿಂತೇ ಇದೆ ಅನ್ನುತ್ತದೆ. ಈ ಜಗಳವೇ ವಾಂತಿ. ದಿಗಂತವನ್ನು ನೋಡುತ್ತಾ ನಿಂತರೆ ಕಡಿಮೆಯಾಗುತ್ತದೆ. ಮಾತ್ರೆ ತಗೊಳ್ಳುವುದಾದರೆ ಹೊಟ್ಟೆ ತೊಳಸುವ ಮೊದಲೇ ತಗೋಬೇಕು. ಅಪ್ಪನ ಸಕ್ಕರೆ ಕಾಯಿಲೆ ಮಾತ್ರೆಗಳ ಜೊತೆ ಯಾವುದು ಆಗುತ್ತದೆ ಅಂತ ಡಾಕ್ಟರನ್ನು ಕೇಳಿದ ಮೇಲೆ ಮಾತ್ರ.

ಅಪ್ಪನ ಪ್ರಶ್ನೆಗಳು ಬೇರೆಯೇ ಇದ್ದವು. ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದಲ್ಲಿ ಮೊದಲ ಘಟಕ ಶುರುವಾದ 1985ರಿಂದ ನಿವೃತ್ತಿಯವರೆಗೆ ದುಡಿದವರು. “ಹಡಗಿಗೆ ಕರೆಂಟು ಎಲ್ಲಿಂದ ಬರ್ತದ? ನೀರು?” ಹಡಗೇ ಡೀಸೆಲ್ ಜನರೇಟರುಗಳಿಂದ ತನ್ನ ಕರೆಂಟು ತಾನೇ ತಯಾರಿಸಿಕೊಳ್ಳುತ್ತದೆ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ, ಸಮುದ್ರದ ನೀರಿನ ಉಪ್ಪು ತೆಗೆದು ಸಿಹಿ ಮಾಡಿಕೊಳ್ಳುತ್ತದೆ ಅಂದಾಗ ಅವರ ಮುಖ ಅರಳಿತು. “ಹಂಗಾದ್ರ ಒಳಗ ಒಂದು ಪವರ್ ಹೌಸೇ ಇರ್ತದಲ್ಲ!” ಆ ಮಾತಿನ ಮೇಲೆ ಅಪ್ಪ ಪೂರ್ತಿ ನಮ್ಮ ಕಡೆಗೆ ಬಂದರು.

ಅವ್ವ ಮಾತ್ರ ಇನ್ನೂ ಮಾತಾಡಿರಲಿಲ್ಲ.

ನಾವು ಅವ್ವನಿಗಾಗಿ ಒಂದು ಯೋಚನೆ ಮಾಡಿಟ್ಟಿದ್ದೆವು. ಕ್ಯಾಬಿನ್ನುಗಳಲ್ಲಿ ಒಳಗಿನವು ಇರುತ್ತವೆ, ಅವಕ್ಕೆ ಕಿಟಕಿ ಇಲ್ಲ, ದರ ಕಡಿಮೆ. ಕಿಟಕಿಯವು, ಬಾಲ್ಕನಿಯವು ಜಾಸ್ತಿ. ಅವ್ವನಿಗೆ ನೀರು ಕಂಡರೆ ಅಂಜಿಕೆ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಅವರಿಗೆ ಒಳಗಿನ ಕ್ಯಾಬಿನ್. ಬಾಗಿಲು ಹಾಕಿಕೊಂಡರೆ ಮನೆಯ ಕೋಣೆಯ ಹಾಗೇ, ನೀರಿನ ಮೇಲಿದ್ದೇವೆ ಅಂತ ಗೊತ್ತೇ ಆಗುವುದಿಲ್ಲ. ಇದನ್ನು ನಾನು ಬಹಳ ಪ್ರೀತಿಯಿಂದ ಹೇಳಿದೆ.

ಅವ್ವ ಎಲೆ ಕೆಳಗಿಟ್ಟಳು. “ಬ್ಯಾಡವಾ. ನಂಗ ನೀರು ಕಾಣಬೇಕು.”

ಎಲ್ಲರೂ ಸುಮ್ಮನಾದೆವು. ಆಮೇಲೆ ಅವಳು 2009ರ ನೆರೆಯ ಮಾತು ತೆಗೆದಳು. ಆ ವರ್ಷ ದಸರೆಗೆ ತವರಿಗೆ ಹೋಗಿದ್ದಳು. ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಹಳ್ಳಿ. ಬನ್ನಿ ಕೊಟ್ಟು, ಇನ್ನೆರಡು ದಿನ ಇದ್ದು ಬರುತ್ತೇನೆ ಅಂತ ಉಳಿದಿದ್ದಳು. ಮಂತ್ರಾಲಯದ ಮಠದೊಳಗೆ ನೀರು ನುಗ್ಗಿದ್ದು ಅದೇ ಸಲ. ಮಳೆ ಬಿಡಲಿಲ್ಲ, ಕರೆಂಟು ಹೋಗಿತ್ತು. ರಾತ್ರಿ ಹಿತ್ತಲಿನ ಕಡೆಯಿಂದ ನೀರು ಬಂತು. ಮಾಳಿಗೆ ಹತ್ತಿ ಕೂತರು. ಇಷ್ಟು ನನಗೆ ಗೊತ್ತಿತ್ತು. ಅವ್ವ ನೀರಿಗೆ ಅಂಜುವುದು ಅದರಿಂದಲೇ ಅಂತ ಇಷ್ಟು ವರ್ಷ ತಿಳಿದಿದ್ದೆ. ಮುಂದಿನದನ್ನು ಅವಳು ಎಂದೂ ಹೇಳಿರಲಿಲ್ಲ, ನಾನು ಎಂದೂ ಕೇಳಿರಲಿಲ್ಲ.

“ರಾತ್ರಿ ಸಪ್ಪಳ ಅಷ್ಟ ಕೇಳ್ತಿತ್ತು. ಎಲ್ಲೈತಿ, ಎಷ್ಟೈತಿ ಒಂದೂ ಕಾಣಂಗಿಲ್ಲ. ಅದು ಅಂಜಿಕಿ. ಬೆಳಕು ಹರೀತು, ನೀರು ಕಂಡ್ತು. ದನದ ಕೊಟಗಿ ಮುಳುಗಿತ್ತು, ಆದ್ರ ಮಾಳಿಗಿ ಇನ್ನ ಎರಡಾಳು ಮ್ಯಾಲಿತ್ತು. ಕಂಡ ಮ್ಯಾಲೆ ಅಂಜಿಕಿ ಹೋತು. ಕಿಡಕಿ ಇಲ್ಲದ ಕೋಣ್ಯಾಗ ಹಾಕಿದ್ರ ನಾ ರಾತ್ರಿ ಪೂರಾ ಕಿವಿ ಕೊಟ್ಟು ಕೂಡತೀನಿ.”

ನಾನು ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತೆ. ಅವಳ ಒಳ್ಳೆಯದಕ್ಕೆ ಅಂತಲೇ ಅವಳು ಅತಿ ಹೆಚ್ಚು ಅಂಜುವ ಕೋಣೆಯನ್ನು ಆರಿಸಿದ್ದೆ. ಏಜೆಂಟರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಕೇಳದೆ ಬಿಟ್ಟದ್ದರಲ್ಲಿ ನಾನೂ ಅವರಷ್ಟೇ ತಪ್ಪು ಮಾಡಿದ್ದೆ.

ಅಲ್ಲಿಂದ ಮುಂದಿನ ಆಯ್ಕೆಯೆಲ್ಲ ಅವ್ವನದೇ. ಹಾಳೆಯನ್ನು ಅವಳ ಮುಂದಿಟ್ಟೆ. ಬಾಲ್ಕನಿ ಬೇಡ ಅಂದಳು, ಮೇಲಿನ ಅಂತಸ್ತಿನಲ್ಲಿ ಅಪ್ಪನಿಗೆ ತಲೆ ಸುತ್ತಬಹುದು ಅಂತ. ಕೆಳಗೆ ನಡುಭಾಗದ ಕಿಟಕಿಯ ಕ್ಯಾಬಿನ್ ಆಗಬಹುದು. “ಕಿಡಕಿ ತೆಗೀಲಿಕ್ಕೆ ಬರ್ತದೇನು?” ಬರುವುದಿಲ್ಲ, ದಪ್ಪ ಗಾಜು, ಭದ್ರವಾಗಿ ಕೂರಿಸಿರುತ್ತಾರೆ ಅಂದೆ. “ಅದು ಚೊಲೊ” ಅಂದಳು. ಲಿಫ್ಟಿಗೆ ಹತ್ತಿರ ಇರಬೇಕು, ಆದರೆ ಲಿಫ್ಟಿಗೆ ಅಂಟಿಕೊಂಡೇ ಇರಬಾರದು, ಓಡಾಟದ ಸಪ್ಪಳ. ಮೇಲೆ ಕುಣಿತದ ಹಾಲ್ ಇರಬಾರದು. ಮೇಲೂ ಕೆಳಗೂ ಕ್ಯಾಬಿನ್ನುಗಳೇ ಇರುವ ಕಡೆ ನೋಡಿದರೆ ನಿದ್ದೆ ಕೆಡುವುದಿಲ್ಲ. ಅಂತಸ್ತಿನ ನಕ್ಷೆಯನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಗಳೇ ಅಜ್ಜಿಗೆ ಒಂದೊಂದಾಗಿ ತೋರಿಸಿದಳು.

ಮುಳುಗಿದರೆ ಏನು ಅನ್ನುವುದನ್ನೂ ಅವ್ವ ಕೇಳಿದಳು. ಮುಚ್ಚಿಡಲಿಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹಡಗುಗಳ ಸುರಕ್ಷತೆಗೆ ಹಲವು ದೇಶಗಳು ಸೇರಿ ನಿಯಮ ಮಾಡಿದವು. 2012ರಲ್ಲಿ ಇಟಲಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅವತ್ತು ಹೊಸದಾಗಿ ಹತ್ತಿದ್ದ ನೂರಾರು ಜನರಿಗೆ ಅಪಾಯದಲ್ಲಿ ಎಲ್ಲಿ ಸೇರಬೇಕು ಅಂತ ತೋರಿಸಿಯೇ ಇರಲಿಲ್ಲ. ಈಗ ಹಡಗು ಹೊರಡುವ ಮೊದಲೇ, ಇಲ್ಲವೇ ಹೊರಟ ಕೂಡಲೇ ತೋರಿಸಬೇಕು ಅಂತ ನಿಯಮ. ಎಲ್ಲರೂ ಹೋಗಲೇಬೇಕು. “ಹಂಗಾದ್ರ ನಾ ಎಲ್ಲಾರಗಿಂತ ಮೊದಲ ಹೋಗಿ ನಿಂದ್ರತೀನಿ” ಅಂದಳು.

ರೊಟ್ಟಿ, ಶೇಂಗಾ ಹಿಂಡಿ ಹಡಗಿನೊಳಗೆ ತಗೊಂಡು ಹೋಗುವ ಹಾಗಿಲ್ಲ ಅಂದಾಗ ಅವ್ವನಿಗೆ ಸ್ವಲ್ಪ ಕಷ್ಟವಾಯಿತು. ರೈಲಿಗೆ ಕಟ್ಟಿಕೊಳ್ಳೋಣ ಅಂತ ಆಯಿತು. ಮಾತ್ರೆಗಳು ಕೈಚೀಲದಲ್ಲಿ, ಯಾಕೆಂದರೆ ದೊಡ್ಡ ಚೀಲಗಳನ್ನು ಬಂದರಿನಲ್ಲೇ ತಗೊಂಡು, ಕ್ಯಾಬಿನ್ನಿಗೆ ಆಮೇಲೆ ಮುಟ್ಟಿಸುತ್ತಾರೆ.

ಸಂಜೆ ಬಿಸಿಲು ಇಳಿದ ಮೇಲೆ ಕಿಟಕಿ ತೆಗೆದೆವು. ಬುಕಿಂಗ್ ಮಾಡುವಾಗ ಕೊನೆಯ ಪ್ರಶ್ನೆ ಬಂತು. ಎಡಗಡೆಯ ಕ್ಯಾಬಿನ್ನೋ, ಬಲಗಡೆಯದೋ? ನಾನು ಅದನ್ನು ಯೋಚಿಸಿರಲೇ ಇಲ್ಲ. ಮುಂಬೈಯಿಂದ ಗೋವಾಕ್ಕೆ ಹೋಗುವಾಗ ಹಡಗು ದಕ್ಷಿಣಕ್ಕೆ ಮುಖ ಮಾಡಿರುತ್ತದೆ. ಎಡಗಡೆ ದಡ, ಬಲಗಡೆ ಬರೀ ಸಮುದ್ರ. ಬರುವಾಗ ತಿರುಗಾಮುರುಗಾ. ದಡ ಯಾವಾಗಲೂ ಕಾಣುತ್ತದೆ ಅಂತಲ್ಲ, ಹಡಗು ದೂರ ಹೋದರೆ ದೀಪಗಳೂ ಕಾಣದೇ ಇರಬಹುದು ಅಂತಲೂ ಹೇಳಿದೆ.

ಅವ್ವ ಅಂಗೈಯನ್ನು ಹಡಗಿನ ಹಾಗೆ ಮಾಡಿ, ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿಸಿ ನೋಡಿದಳು.

“ಎಡಕ್ಕ ತಗಿ. ಹೋಗುವಾಗ ದಡದ ಕಡಿಗೆ ಇರ್ಲಿ. ಬರುವಾಗ ಬರೇ ನೀರು ಕಂಡ್ರೂ ನಡೀತದ. ಅಷ್ಟೊತ್ತಿಗೆ ರೂಢಿ ಆಗಿರ್ತದ.”

ಎಡಗಡೆಯದನ್ನೇ ಒತ್ತಿದೆ.