ಲೋಟದ ನೀರು, ಈಜುಕೊಳದ ನೀರು

ಇಂದು ಮಧ್ಯಾಹ್ನ ಮಗಳೊಂದಿಗೆ 1997ರ ‘ದಿ ಲಾಸ್ಟ್ ವರ್ಲ್ಡ್’ ಸಿನಿಮಾ ನೋಡುತ್ತಿದ್ದಾಗ ಒಳಗೆ ವಾಷಿಂಗ್ ಮೆಷಿನ್ ಬಟ್ಟೆ ಹಿಂಡತೊಡಗಿತು. ಟೀಪಾಯಿಯ ಮೇಲಿದ್ದ ಲೋಟದ ನೀರಿನಲ್ಲಿ ಸಣ್ಣ ಬಳೆಗಳಂತಹ ಅಲೆಗಳೆದ್ದವು. ನಾನು ಟಿವಿಯನ್ನು ಬಿಟ್ಟು ಲೋಟವನ್ನೇ ನೋಡುತ್ತ ಕುಳಿತೆ.

1993ರ ‘ಜುರಾಸಿಕ್ ಪಾರ್ಕ್’ನಲ್ಲಿ ಟಿ-ರೆಕ್ಸ್ ಎಂಬ ದೈತ್ಯ ಡೈನೋಸಾರ್ ಕಾಣಿಸಿಕೊಳ್ಳುವ ಮೊದಲೇ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟ ಲೋಟದ ನೀರು ಹೀಗೆಯೇ ಕಂಪಿಸುತ್ತದೆ, ಆ ವೃತ್ತಗಳನ್ನು ಮೂಡಿಸಲು ಕೆಳಗೆ ಗಿಟಾರಿನ ತಂತಿ ಕಟ್ಟಿ ಮೀಟಿದ್ದರಂತೆ.

ಅದರ ಮುಂದಿನ ಭಾಗವಾದ ‘ದಿ ಲಾಸ್ಟ್ ವರ್ಲ್ಡ್’ ಅನ್ನು ನಿರ್ದೇಶಿಸಿದವರೂ ಅದನ್ನು ನಿರ್ದೇಶಿಸಿದ ಸ್ಟೀವನ್ ಸ್ಪಿಲ್‌ಬರ್ಗ್ ಅವರೇ. ಇಲ್ಲಿ ಟಿ-ರೆಕ್ಸ್ ಒಂದಲ್ಲ, ಜೋಡಿಯೇ ಇದೆ, ಜೊತೆಗೊಂದು ಮರಿ. ಕೊನೆಗೆ ಗಂಡು ಸ್ಯಾನ್ ಡಿಯಾಗೊ ನಗರಕ್ಕೇ ನುಗ್ಗಿ ಯಾರದೋ ಹಿತ್ತಲಿನ ಈಜುಕೊಳದಲ್ಲಿ ನೀರು ಕುಡಿಯುತ್ತದೆ. ಕೊಳದ ತುಂಬ ನೀರಿದ್ದರೂ ಒಂದು ಲೋಟದಷ್ಟು ಭಯವೂ ಅದರಿಂದ ಹುಟ್ಟಲಿಲ್ಲ. ಪ್ರಪಾತಕ್ಕೆ ಜೋತುಬಿದ್ದ ಟ್ರೇಲರಿನಲ್ಲಿ, ಕೈಯೂರಿದಲ್ಲೆಲ್ಲ ಗಾಜು ಜೇಡರಬಲೆಯಂತೆ ಬಿರಿಯುವ ದೃಶ್ಯವೊಂದನ್ನು ಮಾತ್ರ ಈ ಮಾತಿನಿಂದ ಹೊರಗಿಡುತ್ತೇನೆ. ಅಲ್ಲಿ ನಾನೂ ಉಸಿರು ಬಿಗಿಹಿಡಿದಿದ್ದೆ.

ಮಗಳು ಡೈನೋಸಾರಿನ ಬಾಯಿಂದ ನೇತಾಡುವ ನಾಯಿಗೂಡನ್ನು ಕಂಡು ಜೋರಾಗಿ ನಕ್ಕಳು. ಮೆಷಿನ್ ನಿಂತ ಕೂಡಲೇ ಬಟ್ಟೆ ಒಣಹಾಕಲು ಎದ್ದುಹೋದವಳು ಚಿತ್ರ ಮುಗಿದರೂ ಮರಳಿ ಬರಲಿಲ್ಲ.