ಕೆಎಎಸ್ ಓದು: ಪರೀಕ್ಷೆಯ ದಿನಾಂಕವೇ ಇಲ್ಲದ ತಿಂಗಳುಗಳಲ್ಲಿ

ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆ ಸಂಜೆ ಹೊತ್ತು ಯಾವ ಟೀ ಅಂಗಡಿ ಮುಂದೆ ನಿಂತರೂ ಕಿವಿಗೆ ಬೀಳುವ ಮಾತು ಒಂದೇ: "ಮುಂದಿನ ತಿಂಗಳು ನೋಟಿಫಿಕೇಶನ್ ಅಂತೆ." ಈ ಅಂತೆಕಂತೆ ನಂಬಿ ಪಿಜಿಗೆ ಇನ್ನೊಂದು ತಿಂಗಳ ಬಾಡಿಗೆ ಕಟ್ಟಿದವರು ಕಡಿಮೆಯೇನಿಲ್ಲ. ಕೋಚಿಂಗ್ ಸೆಂಟರಿನ ಮೊದಲ ದಿನ "ಛಲ ಬಿಡಬೇಡಿ" ಅನ್ನುತ್ತಾರೆ. ಸರಿ, ಆದರೆ ಛಲ ಇಟ್ಟುಕೊಂಡು ನಾಳೆ ಬೆಳಗ್ಗೆ ಎದ್ದು ಯಾವ ಪುಸ್ತಕ ತೆಗೆಯಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪರೀಕ್ಷೆಯ ಇತ್ತೀಚಿನ ಚರಿತ್ರೆ ನೋಡಿ. 106 ಹುದ್ದೆಗಳ ಅಧಿಸೂಚನೆ ಬಂದದ್ದು 2020ರ ಆರಂಭದಲ್ಲಿ. ಮುಂದಿನದು, 384 ಹುದ್ದೆಗಳದ್ದು, 2024ರ ಫೆಬ್ರುವರಿಯಲ್ಲಿ. ಅದರ ಪ್ರಿಲಿಮ್ಸ್ (ಪೂರ್ವಭಾವಿ ಪರೀಕ್ಷೆ) ಮುಂದಕ್ಕೆ ಹೋಗಿ ಹೋಗಿ ಆಗಸ್ಟ್ 27ಕ್ಕೆ ನಡೆಯಿತು. ಕನ್ನಡ ಅನುವಾದ ಎಡವಟ್ಟಾಗಿದ್ದರಿಂದ ಡಿಸೆಂಬರ್ 29ಕ್ಕೆ ಮತ್ತೆ ಬರೆಯಬೇಕಾಯಿತು. 2011ರ ಬ್ಯಾಚಿನ 362 ಮಂದಿಯ ಆಯ್ಕೆಯನ್ನು ಸರ್ಕಾರ 2014ರಲ್ಲಿ ರದ್ದು ಮಾಡಿತ್ತು, 2022ರಲ್ಲಿ ಕಾಯ್ದೆ ತಂದು ಊರ್ಜಿತಗೊಳಿಸಿತು. ಬೇರೆ ಪರೀಕ್ಷೆಗಳದ್ದೂ ಇದೇ ಕತೆ: 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಬರೆದವರು, ಅಕ್ರಮ ಬಯಲಾಗಿ ಅದು ರದ್ದಾದ ಮೇಲೆ, ಮರುಪರೀಕ್ಷೆಗೆ ಕೂತದ್ದು 2024ರ ಜನವರಿ 23ಕ್ಕೆ. ಸಾಲದ್ದಕ್ಕೆ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು 2024ರ ಅಕ್ಟೋಬರಿನಲ್ಲಿ ಸಂಪುಟ ನಿರ್ಧರಿಸಿತು. ಇದರಲ್ಲಿ ಯಾವುದೂ ಓದುವವರ ಕೈಯಲ್ಲಿಲ್ಲ. ಹಾಗಾಗಿ ಆಯೋಗದ ದಿನಾಂಕಕ್ಕೆ ಓದನ್ನು ಗಂಟು ಹಾಕಿದವರು ಪ್ರತಿ ಮುಂದೂಡಿಕೆಗೂ ಕುಸಿಯುತ್ತಾರೆ. ಗಂಟು ಬಿಚ್ಚಿಕೊಳ್ಳುವುದೇ ಮೊದಲ ಕೆಲಸ.

ಬಿಚ್ಚುವುದು ಹೇಗೆ? ದಿನಾಂಕ ಇಲ್ಲದಿರುವಾಗ ಮೇನ್ಸ್ (ವಿವರವಾಗಿ ಉತ್ತರ ಬರೆಯುವ ಮುಖ್ಯ ಪರೀಕ್ಷೆ) ಓದಿ. ಹೆಚ್ಚಿನವರು ಮಾಡುವುದು ಇದಕ್ಕೆ ತದ್ವಿರುದ್ಧ: ನೋಟಿಫಿಕೇಶನ್ ಯಾವಾಗ ಬೇಕಾದರೂ ಬರಬಹುದೆಂದು ವರ್ಷವಿಡೀ ಬಹುಆಯ್ಕೆ ಪ್ರಶ್ನೆಗಳನ್ನೇ ತಿರುವಿ ಹಾಕುತ್ತಾರೆ. ಪ್ರಿಲಿಮ್ಸ್ ಅಂಕ ಅಂತಿಮ ಪಟ್ಟಿಗೆ ಸೇರುವುದೇ ಇಲ್ಲ. ಮೇನ್ಸ್‌ನಲ್ಲಿ ಪ್ರಬಂಧ 250, ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆ ತಲಾ 250, ಒಟ್ಟು 1,250. ಹುದ್ದೆ ಸಿಗುವುದು, ತಪ್ಪುವುದು ಬಹುಪಾಲು ಅಲ್ಲಿಯೇ. ಪ್ರಿಲಿಮ್ಸ್ ದಿನಾಂಕ ಅಧಿಕೃತವಾಗಿ ಬಂದ ಮೇಲೆ ಕೊನೆಯ ಮೂರು ತಿಂಗಳು ಪೂರ್ತಿ ಅದಕ್ಕೆ ಕೊಟ್ಟರೆ ಸಾಕು. ಅದುವರೆಗೆ ದಿನಕ್ಕೆ ಎರಡು ಉತ್ತರ, ವಾರಕ್ಕೊಂದು ಪ್ರಬಂಧ, ತಿಂಗಳಿಗೊಮ್ಮೆ ಮೂರು ಗಂಟೆಯ ಪೂರ್ತಿ ಪತ್ರಿಕೆ. ಎಲ್ಲವೂ ಪೆನ್ನು ಹಿಡಿದು, ಗಡಿಯಾರ ಮುಂದಿಟ್ಟುಕೊಂಡು. ಮೊಬೈಲಿನಲ್ಲೇ ಓದಿ ಅಭ್ಯಾಸವಾದವರ ಕೈ ಎರಡನೇ ಗಂಟೆಗೇ ಸೋಲುತ್ತದೆ. ಅಕ್ಷರ ಕೆಡುತ್ತದೆ, ಕೊನೆಯ ಮೂರು ನಾಲ್ಕು ಪ್ರಶ್ನೆಗೆ ಬರೀ ಪಾಯಿಂಟು ಗೀಚಿ ಏಳುವಂತಾಗುತ್ತದೆ. ಉತ್ತರ ಗೊತ್ತಿದ್ದೂ ಅಂಕ ಹೋಗುವುದು ಹೀಗೆ.

ಇನ್ನು ಅರ್ಹತಾ ಪತ್ರಿಕೆಗಳು. ಕಡ್ಡಾಯ ಕನ್ನಡ 150, ಇಂಗ್ಲಿಷ್ 150, ಎರಡರಲ್ಲೂ ಶೇ 35 ಬರಬೇಕು, ಅಂದರೆ 52.5. ಬರದಿದ್ದರೆ ಉಳಿದ ಪತ್ರಿಕೆ ಎಷ್ಟು ಚೆನ್ನಾಗಿ ಬರೆದಿದ್ದರೂ ಲೆಕ್ಕಕ್ಕಿಲ್ಲ. ಕನ್ನಡ ಮಾಧ್ಯಮದವರು ಇಂಗ್ಲಿಷಿಗೆ ಹೆದರುವುದು ಸರಿಯೇ, ಆದರೆ ಇಂಗ್ಲಿಷ್ ಮಾಧ್ಯಮದವರು ಕನ್ನಡವನ್ನು ಹಗುರವಾಗಿ ಕಾಣುವುದು ಅದಕ್ಕಿಂತ ಅಪಾಯ. ವಾರಕ್ಕೆ ಎರಡು ಗಂಟೆ ಇದಕ್ಕೆಂದೇ ತೆಗೆದಿಡಿ.

ಪ್ರಚಲಿತ ವಿದ್ಯಮಾನದ ಬಗ್ಗೆ ಒಂದು ಎಚ್ಚರ. ಹಳಸುವುದು ಇದೊಂದೇ. ತಿಂಗಳಿಗೆ ನಾಲ್ಕು ಪುಟ ಮೀರದ ಕೈಬರಹದ ನೋಟ್ಸ್ ಮಾಡಿ, ಪರೀಕ್ಷೆ ಮುಂದೆ ಹೋದರೆ ಹೊಸ ತಿಂಗಳ ನಾಲ್ಕು ಪುಟ ಸೇರಿಸಿ. ಪರೀಕ್ಷೆ ಮಾರ್ಚ್ ದಾಟಿ ಹೋಯಿತೆಂದರೆ ಮಾತ್ರ ಕೆಲಸ ಹೆಚ್ಚು: ಹೊಸ ರಾಜ್ಯ ಬಜೆಟ್, ಅದರ ಜೊತೆ ಕರ್ನಾಟಕ ಆರ್ಥಿಕ ಸಮೀಕ್ಷೆ ಬಂದಿರುತ್ತದೆ. ಹಳೆಯ ಅಂಕಿಗಳ ಹಾಳೆಯನ್ನು ಹರಿದು ಎಸೆಯಿರಿ, ತಿದ್ದಲು ಹೋಗಬೇಡಿ. ಎರಡು ವರ್ಷದ ಅಂಕಿ ಒಂದೇ ಹಾಳೆಯಲ್ಲಿದ್ದರೆ ಪರೀಕ್ಷೆಯಲ್ಲಿ ಕಣ್ಣಿಗೆ ಬರುವುದು ತಪ್ಪು ಅಂಕಿಯೇ.

ಪ್ರಿಲಿಮ್ಸ್‌ನಲ್ಲಿ ಫೇಲಾದ ವಾರ ಊರಿಗೆ ಹೋಗಿ ಮಲಗಿ, ಬೇಡ ಅನ್ನುವುದಿಲ್ಲ. ವಾಪಸ್ ಬಂದ ಮೇಲೆ ಒಎಂಆರ್‌ನ (ಉತ್ತರ ಗುರುತು ಹಾಕಿದ ಹಾಳೆಯ) ನಕಲು ಪ್ರತಿ ಮತ್ತು ಆಯೋಗ ಪ್ರಕಟಿಸಿದ ಕೀ ಉತ್ತರ ಪಕ್ಕಪಕ್ಕ ಇಟ್ಟುಕೊಂಡು ಕೂರಿ. ತಪ್ಪಾದ ಒಂದೊಂದು ಪ್ರಶ್ನೆಯ ಮುಂದೂ ಕಾರಣ ಬರೆಯಿರಿ: ವಿಷಯವೇ ಗೊತ್ತಿರಲಿಲ್ಲ, ಎರಡರ ನಡುವೆ ಗೊಂದಲವಾಯಿತು, "ಸರಿಯಲ್ಲದ ಹೇಳಿಕೆ" ಅಂತಿದ್ದುದನ್ನು "ಸರಿಯಾದ" ಎಂದು ಓದಿಕೊಂಡೆ, ಗುರುತು ಹಾಕುವಾಗ ಸಾಲು ತಪ್ಪಿತು. ಲೆಕ್ಕ ಹಾಕಿದರೆ ಮೊದಲ ಕಾರಣಕ್ಕಿಂತ ಎರಡು, ಮೂರನೆಯವೇ ಹೆಚ್ಚಿರುವುದುಂಟು. ಅಂಥವರಿಗೆ ಬೇಕಾದ್ದು ಹೊಸ ಪುಸ್ತಕವಲ್ಲ, ಇನ್ನೊಂದು ಬ್ಯಾಚಿನ ಫೀಸೂ ಅಲ್ಲ, ಅದೇ ಪುಸ್ತಕದ ಮೂರನೇ ಓದು.

ಪತ್ರಿಕೆಯ ಒಳಗೂ ನೋಡಿ. ಪ್ರಿಲಿಮ್ಸ್‌ನ ಎರಡನೇ ಪತ್ರಿಕೆಯ 100 ಪ್ರಶ್ನೆಗಳಲ್ಲಿ ರಾಜ್ಯಕ್ಕೆ ಸಂಬಂಧಿಸಿದ್ದು 40, ವಿಜ್ಞಾನ-ತಂತ್ರಜ್ಞಾನ-ಪರಿಸರ 30, ಮಾನಸಿಕ ಸಾಮರ್ಥ್ಯ 30. ಈ ಕೊನೆಯ 30 ಎಸ್ಸೆಸ್ಸೆಲ್ಸಿ ಮಟ್ಟದವು. ಕಲಾ ವಿಭಾಗದಿಂದ ಬಂದವರು ಗಣಿತ ಎಂದು ಬಿಟ್ಟುಬಿಡುವ, ಪ್ರಶ್ನೆಗೆ 2ರಂತೆ 60 ಅಂಕ ಇಲ್ಲೇ ಇದೆ, ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಆರು ತಿಂಗಳಲ್ಲಿ ಕೈಗೆ ಬರುತ್ತದೆ.

ಊಹೆಯ ಲೆಕ್ಕವನ್ನೂ ಪರೀಕ್ಷೆಗೆ ಮುಂಚೆಯೇ ಮಾಡಿಟ್ಟುಕೊಳ್ಳಬೇಕು. ಪ್ರಶ್ನೆಗೆ 2 ಅಂಕ, ತಪ್ಪಿಗೆ ಕಾಲು ಭಾಗ ಅಂದರೆ 0.5 ಕಡಿತ. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ತಪ್ಪು ಎಂದು ಗೊತ್ತಿದ್ದರೆ ಸರಾಸರಿ 0.75 ಅಂಕದ ಲಾಭ, ಒಂದನ್ನಷ್ಟೇ ತೆಗೆಯಲಾದರೆ 0.33. ಏನೇನೂ ಗೊತ್ತಿಲ್ಲದಿದ್ದರೆ 0.125, ಅಂದರೆ 20 ಪ್ರಶ್ನೆಗೆ ಎರಡೂವರೆ ಅಂಕ. ಅದೂ ಸರಾಸರಿ ಮಾತ್ರ, ಅದೃಷ್ಟ ಕೈಕೊಟ್ಟರೆ ಅಷ್ಟಕ್ಕಷ್ಟು ಮೈನಸ್. ಒಂದು ಆಯ್ಕೆಯನ್ನಾದರೂ ತೆಗೆಯಲಾಗದ ಪ್ರಶ್ನೆಯನ್ನು ಬಿಡುವುದೇ ಮೇಲು. ಕನ್ನಡ ವಾಕ್ಯ ಅರ್ಥವಾಗದಂತೆ ತಿರುಚಿಕೊಂಡಿದ್ದರೆ ಪಕ್ಕದ ಇಂಗ್ಲಿಷ್ ಮೇಲೆ ಕಣ್ಣಾಡಿಸಿ. ಅದಕ್ಕಾಗಿ ವಿತ್ತೀಯ ಕೊರತೆ ಅಂದರೆ ಫಿಸ್ಕಲ್ ಡೆಫಿಸಿಟ್, ರಾಜಸ್ವ ಕೊರತೆ ಅಂದರೆ ರೆವೆನ್ಯೂ ಡೆಫಿಸಿಟ್ ಎನ್ನುವಂಥ ಇನ್ನೂರು ಮುನ್ನೂರು ಜೋಡಿ ಪದ ಬಾಯಿಗೆ ಬರುವಂತಿರಲಿ.

ದುಡ್ಡಿನ ಮಾತಿಗೆ ಬರೋಣ, ಕನಸು ಹೆಚ್ಚಾಗಿ ಮುರಿಯುವುದು ಇಲ್ಲಿಯೇ. ಪಿಜಿ, ರೀಡಿಂಗ್ ರೂಮ್, ಬಸ್ಸು, ಜೆರಾಕ್ಸ್, ಟೀ ಎಲ್ಲ ಸೇರಿಸಿ ತಿಂಗಳ ಖರ್ಚು ಬರೆದು, ಒಂದೂವರೆ ವರ್ಷಕ್ಕೆಂದು 18ರಿಂದ ಗುಣಿಸಿ. ತಿಂಗಳಿಗೆ 12,000 ಆದರೆ 2,16,000. ಅಷ್ಟು ಹಣ ಎಲ್ಲಿಂದ ಬರುತ್ತದೆ ಎಂದು ಮನೆಯವರ ಜೊತೆ ಕೂತು ಮೊದಲೇ ಮಾತಾಡಿ. ಅಷ್ಟಿಲ್ಲದಿದ್ದರೆ ಬೆಂಗಳೂರಿನ ವಾಸವನ್ನು ಎರಡು ತುಂಡು ಮಾಡಬಹುದು: ಕೋಚಿಂಗ್‌ಗೆ ಕೆಲವು ತಿಂಗಳು, ದಿನಾಂಕ ಬಂದ ಮೇಲೆ ಟೆಸ್ಟ್ ಸೀರೀಸ್‌ಗೆ ಮೂರು ತಿಂಗಳು. ನಡುವಿನ ಓದು ಊರಲ್ಲೇ ಆಗುತ್ತದೆ. ರೂಮ್ ಖಾಲಿ ಮಾಡಿದರೆ ಓದೇ ಬಿಟ್ಟಂತೆ ಎನ್ನುವ ಭಾವನೆ ಇಲ್ಲಿ ಬಹಳ ಜನರಿಗಿದೆ. ಅದು ಬರೀ ಮುಜುಗರ, ಅದಕ್ಕೆ ಬಾಡಿಗೆ ಕಟ್ಟಬೇಕಾಗಿಲ್ಲ. ಇಲ್ಲೇ ಇರಬೇಕೆಂದರೆ ಹಂಪಿನಗರದ ಸಾರ್ವಜನಿಕ ಗ್ರಂಥಾಲಯ, ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ ಇವೆ, ರೀಡಿಂಗ್ ರೂಮಿನ ದುಡ್ಡು ಉಳಿಯುತ್ತದೆ.

ನಡುವೆ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಗ್ರಾಮ ಆಡಳಿತ ಅಧಿಕಾರಿ ಹುದ್ದೆ ಸಿಕ್ಕರೆ ಸೇರಿಕೊಳ್ಳಿ. "ಕೆಲಸಕ್ಕೆ ಸೇರಿದರೆ ಓದು ಹೋಯಿತು" ಅನ್ನುವವರ ಮಾತನ್ನು ಕೇಳಬೇಡಿ. ಸಂಬಳ ಬರುವ ಕೈಯಲ್ಲಿ ದಿನಕ್ಕೆ ಮೂರು ಗಂಟೆ ಓದುವುದು, ಸಾಲದ ಯೋಚನೆಯಲ್ಲಿ ಹತ್ತು ಗಂಟೆ ಪುಸ್ತಕ ಹಿಡಿದು ಕೂರುವುದಕ್ಕಿಂತ ಎಷ್ಟೋ ಮೇಲು. ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಪಡೆಯುವುದನ್ನು ಮಾತ್ರ ಕೊನೇ ವಾರಕ್ಕೆ ಉಳಿಸಿಕೊಳ್ಳಬೇಡಿ, ಕಡತ ತನ್ನ ನಿಧಾನದಲ್ಲೇ ನಡೆಯುವುದು. ಜೊತೆಗೆ, ಯಾವ ವಯಸ್ಸಿಗೆ ಪೂರ್ಣಕಾಲದ ಓದು ನಿಲ್ಲಿಸುತ್ತೇನೆ ಎನ್ನುವುದನ್ನು ಈಗಲೇ ಹಾಳೆಯ ಮೇಲೆ ಬರೆದು ಮನೆಯಲ್ಲಿ ಒಬ್ಬರಿಗೆ ಕೊಡಿ. ಫಲಿತಾಂಶದ ಮರುದಿನ ಅದನ್ನು ತೀರ್ಮಾನಿಸಲು ಹೋದರೆ "ಇನ್ನೊಂದೇ ಸಲ" ಅನ್ನದವರು ಅಪರೂಪ.

ಟೆಲಿಗ್ರಾಂ ಗುಂಪುಗಳನ್ನು ಮ್ಯೂಟ್ ಮಾಡಿ, ದಿನಕ್ಕೊಮ್ಮೆ ಆಯೋಗದ ವೆಬ್‌ಸೈಟ್ ನೋಡಿದರೆ ಸಾಕು.

ದಿನಾಂಕವಿಲ್ಲದ ತಿಂಗಳುಗಳಲ್ಲಿ ಮುಗಿಸಬೇಕಾದ ಇನ್ನೊಂದು ಕೆಲಸ ಪ್ರಮಾಣಪತ್ರಗಳದ್ದು. ಹಿಂದುಳಿದ ವರ್ಗಗಳ 2ಎ, 2ಬಿ, 3ಎ, 3ಬಿಯವರ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ, ಅರ್ಜಿಯ ಕೊನೇ ದಿನಕ್ಕೆ ಅದು ಚಾಲ್ತಿಯಲ್ಲಿರಬೇಕು. ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ಪ್ರಮಾಣಪತ್ರಕ್ಕೆ ಒಂದರಿಂದ ಹತ್ತನೇ ತರಗತಿವರೆಗೆ ಓದಿದ ಶಾಲೆಗಳಿಗೆ ಹೋಗಬೇಕು, ಗ್ರಾಮೀಣಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಬೇಕು. ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ ಬರಬೇಕು. ನೋಟಿಫಿಕೇಶನ್ ಬಂದ ಮೇಲೆ ನಾಡಕಚೇರಿಯಲ್ಲಿ ಸಾಲು ಉದ್ದವಾಗುತ್ತದೆ, ಶಾಲೆಗೆ ರಜೆ ಇದ್ದರೆ ಮುಖ್ಯೋಪಾಧ್ಯಾಯರು ಸಿಗುವುದಿಲ್ಲ. ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋಗುವಾಗ ಕಚೇರಿ ತೆರೆದಿರುವ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಿ, ಅಂಕಪಟ್ಟಿಯಲ್ಲಿ ಮತ್ತು ಆಧಾರ್‌ನಲ್ಲಿ ಹೆಸರಿನ ಇನಿಷಿಯಲ್ ಒಂದೇ ಥರ ಇದೆಯೇ ಎಂದೂ ನೋಡಿಕೊಳ್ಳಿ.