121ನೇ ಸೋಲು ನೋಡಲು ಹೋಗಿದ್ದೆವು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದೊಂದು ತಂಡಕ್ಕೂ ವರ್ಷಕ್ಕೆ 162 ಲೀಗ್ ಪಂದ್ಯ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಆಟ. ಎಂಥ ಒಳ್ಳೆಯ ತಂಡವೂ ಐವತ್ತು ಅರವತ್ತು ಪಂದ್ಯ ಸೋಲುತ್ತದೆ, ಎಂಥ ದರಿದ್ರ ತಂಡವೂ ಅಷ್ಟು ಗೆಲ್ಲುತ್ತದೆ ಅಂತ ಇಲ್ಲಿನವರು ಹೇಳುತ್ತಾರೆ. 2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ ಆ ಮಾತನ್ನೂ ಉಳಿಸಲಿಲ್ಲ. ನಮ್ಮಪ್ಪ ನಮ್ಮ ಮನೆಗೆ ಬಂದು ಉಳಿದದ್ದು ಅದೇ ವರ್ಷ.

ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ ಮಾಡಿ ನಿವೃತ್ತರಾದವರು. ಅಮ್ಮನಿಗೆ ಇಲ್ಲಿ ಹೊತ್ತು ಹೋಗುವುದು ಕಷ್ಟವಿಲ್ಲ, ಅರೋರಾದ ಬಾಲಾಜಿ ದೇವಸ್ಥಾನ, ವಾಕಿಂಗ್ ಗೆಳತಿಯರು, ವಾಟ್ಸಾಪ್. ಅಪ್ಪನಿಗೆ ಇದ್ದದ್ದು ಆರ್‌ಸಿಬಿ ಒಂದೇ. ಅವರು ಬಂದಿಳಿದ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಆರ್‌ಸಿಬಿ ಮೊದಲ ಎಂಟರಲ್ಲಿ ಏಳು ಸೋತಾಗಿತ್ತು. ನಾನು ಸಮಾಧಾನಕ್ಕೆ ಅಂತ, "ಇಲ್ಲೂ ಒಂದು ತಂಡ ಇದೆ ಅಪ್ಪ, 25ರಲ್ಲಿ 22 ಸೋತಿದೆ" ಅಂದೆ. ಅಪ್ಪ ಪೇಪರ್ ಕೆಳಗಿಟ್ಟರು. "ಇಪ್ಪತ್ತೆರಡಾ? ತೋರಿಸು ನೋಡೋಣ."

ಅಲ್ಲಿಂದ ಶುರು. ಊರಿನಿಂದ ತಂದಿದ್ದ ಬ್ಯಾಂಕಿನ ಡೈರಿಯಲ್ಲಿ ದಿನಕ್ಕೊಂದು ಸಾಲು: ಎದುರಾಳಿ, ಹೊಡೆದ ರನ್, ಕೊಟ್ಟ ರನ್, ಕೊನೆಗೆ 'ಗೆ' ಅಥವಾ 'ಸೋ'. ಕೆಂಪು ಇಂಕಿನಲ್ಲಿ 'ಸೋ'. ಮೇ ತಿಂಗಳು ಮುಗಿಯುವಷ್ಟರಲ್ಲಿ ಕೆಂಪು ಪೆನ್ನು ಖಾಲಿಯಾಗಿ ಇನ್ನೊಂದು ತಂದುಕೊಟ್ಟೆ.

ನನಗೆ ಬೇಸ್‌ಬಾಲ್ ಹತ್ತಿದ್ದು ಆಫೀಸಿನಿಂದ. ಡೇಟಾ ಕೆಲಸ ಮಾಡುವವರ ನಡುವೆ ಇದ್ದರೆ ಈ ಆಟದಿಂದ ತಪ್ಪಿಸಿಕೊಳ್ಳೋಕಾಗಲ್ಲ. ನನ್ನ ಪಕ್ಕದ ಸೀಟಿನವನು ಶಿಕಾಗೊದ ದಕ್ಷಿಣ ಭಾಗದವನು, ಹುಟ್ಟಿದಾಗಿನಿಂದ ಸಾಕ್ಸ್. 2005ರಲ್ಲಿ ಹೂಸ್ಟನ್ನನ್ನು ನಾಲ್ಕಕ್ಕೆ ನಾಲ್ಕೂ ಸೋಲಿಸಿ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್ ಸರಣಿ, ಗೆದ್ದದ್ದನ್ನು, 1917ರ ಮೇಲೆ ಅದೇ ಮೊದಲು ಅನ್ನುವುದನ್ನು, ಯಾರು ಕೇಳಲಿ ಬಿಡಲಿ ಹೇಳುತ್ತಾನೆ. 2024ರಲ್ಲಿ ಅವನು ಆ ಕಥೆ ನಿಲ್ಲಿಸಿದ್ದ. ಆ ವಸಂತದಲ್ಲಿ ಸಾಕ್ಸ್ ಮೈದಾನದಿಂದ ಸುದ್ದಿಯಾದದ್ದು ಸುಟ್ಟ ಮಾರ್ಷ್‌ಮೆಲೋ ಹೇರಿದ ಒಂದು ಮಿಲ್ಕ್‌ಶೇಕ್ ಮಾತ್ರ.

ಆರ್‌ಸಿಬಿ ಆಮೇಲೆ ಸತತ ಆರು ಗೆದ್ದು ಪ್ಲೇಆಫ್ ಸೇರಿತು, ಮೇ 22ರಂದು ರಾಜಸ್ಥಾನದ ಕೈಲಿ ಸೋತು ಹೊರಬಿತ್ತು. ಆ ಬೆಳಗ್ಗೆ ಅಪ್ಪ ಉಪ್ಪಿಟ್ಟನ್ನೂ ಸರಿಯಾಗಿ ತಿನ್ನಲಿಲ್ಲ. ಮರುದಿನ ಸಂಜೆ ಸಾಕ್ಸ್‌ಗೂ ಬಾಲ್ಟಿಮೋರ್ ಓರಿಯೋಲ್ಸ್‌ಗೂ ಆಟ. ಕೊನೆಯ, ಅಂದರೆ ಒಂಬತ್ತನೇ ಇನ್ನಿಂಗ್‌ಗೆ ಬಂದಾಗ 8-2ರಿಂದ ಹಿಂದಿದ್ದ ಸಾಕ್ಸ್ ನಾಲ್ಕು ರನ್ ಗಳಿಸಿ 8-6 ಮಾಡಿತು. ಮೂರು ಔಟಿಗೆ ಇನ್ನಿಂಗ್ ಮುಗಿಯುತ್ತದೆ, ಆಗಿದ್ದದ್ದು ಒಂದೇ. ಬ್ಯಾಟರ್ ಬೇಸ್ ಅನ್ನುವ ನಾಲ್ಕು ಗುರುತುಗಳನ್ನು ಸುತ್ತಿ ಬಂದರೆ ಒಂದು ರನ್; ಮೊದಲ ಮತ್ತು ಎರಡನೇ ಬೇಸ್‌ನಲ್ಲಿ ಸಾಕ್ಸ್ ಆಟಗಾರರು. ಅಪ್ಪ ಸೋಫಾದ ತುದಿಗೆ ಬಂದಿದ್ದರು. ಆಂಡ್ರ್ಯೂ ಬೆನಿಂಟೆಂಡಿ ಹೊಡೆದ ಚೆಂಡು ನೇರ ಆಕಾಶಕ್ಕೆ ಹೋಯಿತು.

ಇಂಥ ಹೊತ್ತಿಗೆ ಅಂತಲೇ ಒಂದು ನಿಯಮ ಇದೆ, ಇನ್‌ಫೀಲ್ಡ್ ಫ್ಲೈ. ಬೇಸ್‌ಗಳ ಮೇಲೆ ಜನ ಇರುವಾಗ ಸುಲಭದ ಕ್ಯಾಚನ್ನು ಬೇಕಂತಲೇ ಕೆಳಗೆ ಹಾಕಿ ಇಬ್ಬರನ್ನು ಔಟ್ ಮಾಡುವ ಕಳ್ಳಾಟ ತಡೆಯಲು, ಚೆಂಡು ಗಾಳಿಯಲ್ಲಿರುವಾಗಲೇ ಅಂಪೈರ್ ಬ್ಯಾಟರ್ ಔಟ್ ಅಂತ ಸಾರಿಬಿಡುತ್ತಾನೆ. ಹಾಗೇ ಸಾರಿದ. ಅಷ್ಟರಲ್ಲಿ ಎರಡನೇ ಬೇಸ್‌ಗೆ ವಾಪಸ್ಸಾಗುತ್ತಿದ್ದ ಆಂಡ್ರ್ಯೂ ವಾನ್, ಚೆಂಡಿನತ್ತ ಬರುತ್ತಿದ್ದ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) ಗನ್ನಾರ್ ಹೆಂಡರ್ಸನ್ ದಾರಿಗೆ ಸಿಕ್ಕ. ಹೆಂಡರ್ಸನ್ ಚೆಂಡನ್ನು ಹಿಡಿದ ಕೂಡಾ. ಆದರೂ ಅಡ್ಡಿ ಮಾಡಿದ ಅಂತ ವಾನ್ ಕೂಡ ಔಟ್. ಆಟ ಮುಗೀತು.

ಅಪ್ಪ ಎರಡು ನಿಮಿಷ ಟಿವಿಯನ್ನೇ ನೋಡಿದರು. "ಇದೇನು ಅನ್ಯಾಯ ಕಣೇ. ಅವನಿಗೆ ಬೆನ್ನ ಹಿಂದೆ ಕಣ್ಣಿದೆಯಾ? ಕ್ರಿಕೆಟ್‌ನಲ್ಲೂ ಫೀಲ್ಡರ್‌ಗೆ ಅಡ್ಡ ಬಂದರೆ ಔಟ್ ಕೊಡ್ತಾರೆ, ಆದ್ರೆ ಬೇಕಂತ ಮಾಡಿರಬೇಕು." ನಾನು ನಿಯಮ ಹುಡುಕಿ ಓದಿ ಹೇಳಿದೆ: ಇಲ್ಲಿ ಉದ್ದೇಶ ಇರಲೇಬೇಕು ಅಂತಿಲ್ಲ. ಅಪ್ಪ ಒಪ್ಪಲಿಲ್ಲ. ಆ ದಿನದ ಸಾಲಿನಲ್ಲಿ 'ಸೋ' ಬರೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಡೈರಿಯಲ್ಲಿ ಅದೊಂದೇ.

ಆ ಸೋಲು ಸತತ 14 ಸೋಲುಗಳ ನಡುವಿನದು. ಜುಲೈ 10ರಿಂದ ಇನ್ನೊಂದು ಸರಣಿ ಶುರುವಾಯಿತು, ಸತತ 21. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ 1988ರ ಬಾಲ್ಟಿಮೋರ್ ಮಾಡಿದ್ದ ದಾಖಲೆಗೆ ಸಮ. ಆಗಸ್ಟ್ 6ರಂದು ಓಕ್ಲೆಂಡ್‌ನಲ್ಲಿ 5-1ರಿಂದ ಗೆದ್ದು ಅದನ್ನು ನಿಲ್ಲಿಸಿದರು, ಎರಡೇ ದಿನಕ್ಕೆ ಮ್ಯಾನೇಜರ್, ಅಂದರೆ ಕೋಚ್, ಪೆಡ್ರೊ ಗ್ರಿಫೋಲ್‌ರನ್ನು ತೆಗೆದರು. ಗೆದ್ದ ಮೇಲೆ ತೆಗೆಯುವುದು ಯಾವ ಲೆಕ್ಕ ಅಂತ ಅಪ್ಪನ ಪ್ರಶ್ನೆ.

ದಿನಾ ಸೋಲುವ ತಂಡದ ಬೆನ್ನು ಹತ್ತಿದವರಿಗೆ ಒಂದು ಅನುಕೂಲ ಇದೆ. ಗೆಲ್ತಾರೋ ಇಲ್ಲವೋ ಅನ್ನುವ ಕಾತರ ಇರುವುದಿಲ್ಲ, ಹಾಗಾಗಿ ಆಟದ ಒಳಗಿನದು ಕಾಣತೊಡಗುತ್ತದೆ. ನಮ್ಮ ಮನೆಯ ಜಗಳಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಮೊದಲನೆಯದು ಗ್ಯಾರೆಟ್ ಕ್ರೋಷೆ. ಎಡಗೈ ಪಿಚರ್, ನಮ್ಮ ಬೌಲರ್ ಇದ್ದ ಹಾಗೆ. ಆ ಹಿಂದೆಲ್ಲ ಪಂದ್ಯದ ನಡುವೆ ಬಂದು ಸ್ವಲ್ಪ ಹೊತ್ತು ಹಾಕಿ ಹೋಗುತ್ತಿದ್ದವನು, ಆ ವರ್ಷ ಮೊದಲ ಸಲ ಸ್ಟಾರ್ಟರ್, ಪಂದ್ಯದ ಶುರುವಿನಿಂದಲೇ ಹಾಕುವವನು. 146 ಇನ್ನಿಂಗ್‌ನಲ್ಲಿ 209 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಆಲ್‌ಸ್ಟಾರ್ ಕೂಡ ಆದ. ಆದರೆ ಹೆಸರಿನ ಮುಂದೆ 6 ಗೆಲುವು, 12 ಸೋಲು.

"ಬೌಲರ್‌ಗೆ ಹೇಗೆ ಸೋಲು ಬರೀತಾರೆ?" ಅಪ್ಪನಿಗೆ ಸಿಟ್ಟೇ ಬಂತು. "ಪ್ರಸನ್ನ, ಚಂದ್ರ ಐದೈದು ವಿಕೆಟ್ ತೆಗೆದೂ ನಾವು ಸೋತಿಲ್ವಾ? ಅವರ ಹೆಸರಿಗೆ ಯಾರಾದ್ರೂ ಸೋಲು ಬರೆದಿದ್ರಾ? ಬ್ಯಾಟಿಂಗ್ ಮಾಡದವರ ತಪ್ಪಿಗೆ ಇವನ ಅಕೌಂಟಲ್ಲಿ ಡೆಬಿಟ್ಟು!"

ಅಂಕಿ ಅಂಶದ ಪಂಡಿತರು ಎಷ್ಟೋ ವರ್ಷದಿಂದ ಇದನ್ನೇ ಹೇಳುತ್ತಿದ್ದಾರೆ. ಪಿಚರ್‌ನ ಗೆಲುವು ಸೋಲಿನ ಲೆಕ್ಕಕ್ಕೆ ಬೆಲೆಯಿಲ್ಲ, ಎಷ್ಟು ಸ್ಟ್ರೈಕ್‌ಔಟ್, ಎಷ್ಟು ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಅನ್ನುವುದನ್ನು ನೋಡಿ ಅಂತ. ಪುಸ್ತಕ ಓದದೆ, ಪಾಡ್‌ಕಾಸ್ಟ್ ಕೇಳದೆ, ಮೂರು ತಿಂಗಳ ಡೈರಿಯಿಂದ ಅಪ್ಪ ಅಲ್ಲಿಗೆ ತಲುಪಿದ್ದರು. ಆಫೀಸಿನಲ್ಲಿ ಹೇಳಿದಾಗ ಪಕ್ಕದ ಸೀಟಿನವನು, ನಿಮ್ಮಪ್ಪನನ್ನು ಸಾಕ್ಸ್ ಕೆಲಸಕ್ಕೆ ತಗೊಳ್ಳಲಿ, ಇದಕ್ಕಿಂತ ಕೆಡುವುದಕ್ಕೆ ಏನೂ ಉಳಿದಿಲ್ಲ ಅಂದ.

ಎರಡನೆಯ ಜಗಳ ಆಗಸ್ಟ್ 14ರದು. ನ್ಯೂಯಾರ್ಕ್ ಯಾಂಕೀಸ್ ಶಿಕಾಗೊಕ್ಕೆ ಬಂದಿತ್ತು. ಸರಣಿಯ ಮೊದಲ ಪಂದ್ಯದಲ್ಲಿ ಸಾಕ್ಸ್ 12-2ರಿಂದ ಗೆದ್ದುಬಿಟ್ಟಿತ್ತು, ಅಪ್ಪ ಆ ಸಾಲಿಗೆ ಎರಡು ಗೆರೆ ಎಳೆದಿದ್ದರು. ಎರಡನೆಯದರಲ್ಲಿ ಹ್ವಾನ್ ಸೋಟೊ ಮೂರು ಹೋಮ್‌ರನ್, ನಮ್ಮ ಸಿಕ್ಸರ್ ಥರದ ಹೊಡೆತ, ಹೊಡೆದ. ಮೂರನೆಯದರ ಎಂಟನೇ ಇನ್ನಿಂಗ್‌ನಲ್ಲಿ ಮತ್ತೆ ಸೋಟೊ ಬಂದ, ಮೊದಲ ಬೇಸ್ ಖಾಲಿ. ಹಂಗಾಮಿ ಮ್ಯಾನೇಜರ್ ಗ್ರೇಡಿ ಸೈಜ್‌ಮೋರ್ ಅವನಿಗೆ ಹಾಕುವುದೇ ಬೇಡ ಅಂತ ಬೇಕೆಂದೇ ಮೊದಲ ಬೇಸ್‌ಗೆ ಕಳಿಸಿದರು. ಮುಂದೆ ಬಂದವನು ಆರನ್ ಜಡ್ಜ್. ಆ ವರ್ಷ 58 ಹೋಮ್‌ರನ್ ಹೊಡೆದ ಜಡ್ಜ್. ಮೂರು ಬಾಲ್ ಹೊರಗೆ ಹೋದ ಮೇಲೆ ನಾಲ್ಕನೆಯದನ್ನು ಎತ್ತಿ ಹೊಡೆದ. ಅವನ 300ನೇ ಹೋಮ್‌ರನ್, 955ನೇ ಪಂದ್ಯದಲ್ಲಿ. ಅಷ್ಟು ಬೇಗ ಯಾರೂ ಅಲ್ಲಿಗೆ ತಲುಪಿರಲಿಲ್ಲ, ಹಿಂದಿನ ದಾಖಲೆ ರಾಲ್ಫ್ ಕೈನರ್‌ನ 1087 ಪಂದ್ಯ.

ಅಪ್ಪ ನಕ್ಕರು. "ಗವಾಸ್ಕರ್‌ಗೆ ಹೆದರಿ ವಿಶಿಗೆ ಸ್ಟ್ರೈಕ್ ಕೊಟ್ಟ ಹಾಗಾಯ್ತು." ನಾನೂ ಅವರ ಕಡೆಗೇ ಇದ್ದೆ. ಬಲಗೈ ಪಿಚರ್ ಎಡಗೈ ಬ್ಯಾಟರ್‌ನನ್ನು ತಪ್ಪಿಸಿದ ಅನ್ನುವ ಸಮಜಾಯಿಷಿ ಕೇಳಲು ಚೆನ್ನಾಗಿದೆ. ಆದರೆ ಲೀಗ್‌ನ ಅತಿ ದೊಡ್ಡ ಹೊಡೆತಗಾರ ಬರುವ ಮುಂಚೆ ಬೇಸ್‌ಗೆ ಇನ್ನೊಬ್ಬನನ್ನು ಪುಕ್ಕಟೆ ಸೇರಿಸುವುದನ್ನು ಯಾವ ಲೆಕ್ಕವೂ ಒಪ್ಪುವುದಿಲ್ಲ. (ಅಳಿಯ ಅಂದರೆ ನನ್ನ ಗಂಡ ಮಾತ್ರ ಮ್ಯಾನೇಜರ್ ಪರ ವಾದಿಸಿದ. ಅವನು ಮ್ಯಾನೇಜರ್.)

ಸೆಪ್ಟೆಂಬರ್ ಹೊತ್ತಿಗೆ ಊರಿಗೆಲ್ಲ ಒಂದೇ ಮಾತು: 121 ಆಗುತ್ತಾ? 1962ರ ನ್ಯೂಯಾರ್ಕ್ ಮೆಟ್ಸ್ 40 ಗೆದ್ದು 120 ಸೋತಿತ್ತು, ಆಧುನಿಕ ಬೇಸ್‌ಬಾಲ್‌ನ ಅತಿ ಹೆಚ್ಚು ಸೋಲು. ಸೆಪ್ಟೆಂಬರ್ 22ರಂದು ಸ್ಯಾನ್ ಡಿಯಾಗೋದಲ್ಲಿ ಸೋತು ಸಾಕ್ಸ್ 120 ಮುಟ್ಟಿತು. ಆ ವಾರ ದೇಶದ ಮಿಕ್ಕ ಭಾಗ ಮಾತಾಡುತ್ತಿದ್ದದ್ದು ಶೋಹೇ ಓಟಾನಿ ಬಗ್ಗೆ. 19ರಂದು ಮಯಾಮಿಯಲ್ಲಿ ಆರಕ್ಕೆ ಆರು ಹೊಡೆತ, ಮೂರು ಹೋಮ್‌ರನ್, ಎರಡು ಬೇಸ್ ಕಳವು (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿಬಿಡುವುದು), ಒಂದೇ ಋತುವಿನಲ್ಲಿ 50 ಹೋಮ್‌ರನ್ ಮತ್ತು 50 ಕಳವು ಮಾಡಿದ ಮೊದಲಿಗ. ಫೀಲ್ಡಿಂಗೇ ಮಾಡದೆ ಬರೀ ಬ್ಯಾಟ್ ಹಿಡಿದವನಿಗೆ ಅತ್ಯುತ್ತಮ ಆಟಗಾರನ ಪಟ್ಟ ಕೊಡಬಹುದೇ ಅಂತ ಚರ್ಚೆಯೋ ಚರ್ಚೆ. ನಮಗೆ ಅದು ದೊಡ್ಡಮನೆಯವರ ಮದುವೆ ಸುದ್ದಿ. ನಮ್ಮದು 121.

24ರ ಮಂಗಳವಾರ ಸಂಜೆ ಸಾಕ್ಸ್ ತವರಿನಲ್ಲಿ, ಎದುರಾಳಿ ಲಾಸ್ ಏಂಜಲೀಸ್ ಏಂಜಲ್ಸ್. ಏಂಜಲ್ಸ್ ಅಂದರೆ ಹಿಂದಿನ ವರ್ಷದವರೆಗೆ ಓಟಾನಿಯನ್ನು ಇಟ್ಟುಕೊಂಡಿದ್ದವರು, ಅವರದ್ದೂ 99 ಸೋಲಿನ ವರ್ಷ. ಪಕ್ಕದ ಸೀಟಿನವನು ಮೂರು ಟಿಕೆಟ್ ತಂದ. "ಚರಿತ್ರೆ ನೋಡೋಣ" ಅಂದ. ಅಪ್ಪ ಸ್ವೆಟರ್ ಹಾಕಿ, ಡೈರಿ ಜೇಬಿಗಿಟ್ಟು ಹೊರಟರು.

ರೆಡ್ ಲೈನ್ ರೈಲಿನಲ್ಲಿ 35ನೇ ಬೀದಿಯ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಮೈದಾನ. ಕೆಲವರು ತಲೆಗೆ ಕಂದು ಕಾಗದದ ಚೀಲ ಹಾಕಿಕೊಂಡು ಕಣ್ಣಿಗೆ ತೂತು ಮಾಡಿಕೊಂಡಿದ್ದರು. ಅಪ್ಪ ಒಬ್ಬನನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಈ ಮೈದಾನದಲ್ಲಿ ತಿನ್ನಲೇಬೇಕಾದದ್ದು ಎಲೊಟೆ, ಮೆಕ್ಸಿಕೋದವರ ಮುಸುಕಿನ ಜೋಳ. ದೊಡ್ಡ ಬಾಣಲೆಯಲ್ಲಿ ಕಾಳು ಬಿಸಿ ಮಾಡಿ ಕಪ್ಪಿಗೆ ಹಾಕಿ ಬೆಣ್ಣೆ, ಚೀಸ್, ಮೆಣಸಿನಪುಡಿ, ನಿಂಬೆರಸ ಬೆರೆಸಿ ಕೊಡುತ್ತಾರೆ. ಮಯೋನೇಸ್‌ನಲ್ಲಿ ಮೊಟ್ಟೆ ಇರುತ್ತೆ ಅಂತ ಅದನ್ನು ಬಿಡಿಸಿದೆ. ಅಪ್ಪ ಒಂದು ಚಮಚ ಬಾಯಿಗಿಟ್ಟು, "ಗಾಂಧಿ ಪಾರ್ಕ್ ಮುಂದೆ ಇದಕ್ಕಿಂತ ಖಾರ ಹಾಕ್ತಾನೆ" ಅಂದರು. ಕಪ್ಪು ಖಾಲಿ ಮಾಡಿದರು.

ಏಳು ಇನ್ನಿಂಗ್ ಮುಗಿದಾಗ ಏಂಜಲ್ಸ್ 2-0 ಮುಂದಿತ್ತು. ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್ 1981ರಿಂದ ಈ ತಂಡ ನಡೆಸುತ್ತಿದ್ದಾರೆ, ಜನ ಅವರಿಗೆ ಕೇಳಿಸಲಿ ಅಂತ "ಸೆಲ್ ದ ಟೀಮ್" ಕೂಗುತ್ತಿದ್ದರು. ಅಪ್ಪ ಡೈರಿ ತೆಗೆದು ಕೆಂಪು ಪೆನ್ನಿನ ಮುಚ್ಚಳ ಬಿಚ್ಚಿದರು. ಅದರಲ್ಲೇನೂ ಅವಸರ ಇರಲಿಲ್ಲ. ಆ ವರ್ಷ ಏಳು ಇನ್ನಿಂಗ್ ನಂತರ ಹಿಂದಿದ್ದ 94 ಪಂದ್ಯದಲ್ಲಿ ಸಾಕ್ಸ್ ಗೆದ್ದದ್ದು ಸೊನ್ನೆ.

ಎಂಟನೆಯದರಲ್ಲಿ ಮೂರು ರನ್ ಬಂದುಬಿಟ್ಟಿತು.

ನಮ್ಮ ಸಾಲಿನಲ್ಲಿ ಏನು ಮಾಡಬೇಕೋ ಯಾರಿಗೂ ತಿಳಿಯಲಿಲ್ಲ. ಹಿಂದಿನ ಸಾಲಿನ ಹುಡುಗರು "ಅಯ್ಯೋ" ಅನ್ನುವ ಥರ ತಲೆ ಮೇಲೆ ಕೈ ಹೊತ್ತರು, ಅವರು ದೂರದಿಂದ ಕಾರ್ ಓಡಿಸಿಕೊಂಡು ಬಂದಿದ್ದದ್ದು ಸೋಲಿಗಾಗಿ. ಪಕ್ಕದ ಸೀಟಿನವನು ಎದ್ದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಚರಿತ್ರೆಯ ಮಾತು ಮರೆತೇ ಹೋಗಿತ್ತು. 3-2ರಲ್ಲಿ ಆಟ ಮುಗಿದು ಪಟಾಕಿ ಹಾರಿತು. ಮಾರನೇ ದಿನ ಹತ್ತನೇ ಇನ್ನಿಂಗ್‌ನಲ್ಲಿ 4-3, ಅದರ ಮಾರನೇ ದಿನ 7-0. ಮೂರೂ ಗೆದ್ದರು! ಸೋಲು ನೋಡಲು ಟಿಕೆಟ್ ಕೊಂಡ ತವರಿನ ಜನಕ್ಕೆ ಸೋಲು ಸಿಗಲೇ ಇಲ್ಲ. 121 ಆದದ್ದು 27ರಂದು, ಡೆಟ್ರಾಯಿಟ್‌ನಲ್ಲಿ, 4-1ಕ್ಕೆ. ಆ ಗೆಲುವಿನಿಂದ ಡೆಟ್ರಾಯಿಟ್ 2014ರ ನಂತರ ಮೊದಲ ಸಲ ಪ್ಲೇಆಫ್ ಸೇರಿತು, ಅವರ ಕುಣಿತದ ಪಕ್ಕದಲ್ಲೇ ಇವರ ದಾಖಲೆ. ಆಮೇಲಿನ ಎರಡನ್ನೂ ಸಾಕ್ಸ್ ಗೆದ್ದಿತು.

ಭಾನುವಾರ ಅಪ್ಪ ಡೈರಿ ಕೂಡಿಸಲು ಕೂತರು. ನನ್ನ ತಕರಾರು ಇತ್ತು: 160ರಲ್ಲಿ 40 ಗೆದ್ದ ಮೆಟ್ಸ್‌ನ ಗೆಲುವಿನ ಪಾಲು .250, 162ರಲ್ಲಿ 41 ಗೆದ್ದ ಸಾಕ್ಸ್‌ನದು .253. ಅಂದಮೇಲೆ ಯಾರು ಹೆಚ್ಚು ಕೆಟ್ಟವರು? 1916ರ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ 36 ಗೆದ್ದು 117 ಸೋತಿತ್ತು, .235. ಪಕ್ಕದ ಸೀಟಿನವನಿಗೆ ಈ ವಾದ ಹಿಡಿಸಲೇ ಇಲ್ಲ. ಮೆಟ್ಸ್ ಆಗಷ್ಟೇ ಹುಟ್ಟಿದ ತಂಡ, ಬೇರೆಯವರು ಬಿಟ್ಟ ಆಟಗಾರರನ್ನು ಕೂಡಿಸಿ ಕಟ್ಟಿದ್ದು. ಸಾಕ್ಸ್ 2021ರಲ್ಲಿ 93 ಗೆದ್ದು ತನ್ನ ಗುಂಪಿನಲ್ಲಿ ಮೊದಲು ಬಂದಿತ್ತು, ಮೂರೇ ವರ್ಷ. ದಶಮಾಂಶದಲ್ಲಿ ಅದು ಕಾಣುವುದಿಲ್ಲ ಅಂದ. ನನಗೂ ಈಗ ಅವನದೇ ಸರಿ ಅನ್ನಿಸುತ್ತದೆ.

ಹೊಡೆದದ್ದು 507 ರನ್, ಕೊಟ್ಟದ್ದು 813. ಮೂವತ್ತು ತಂಡದಲ್ಲಿ ಇಷ್ಟು ಕಡಿಮೆ ಹೊಡೆದವರು ಬೇರೆ ಇಲ್ಲ. ಬಿಲ್ ಜೇಮ್ಸ್ ಅನ್ನುವವರು ಮಾಡಿದ ಒಂದು ಸೂತ್ರ ಇದೆ: ಹೊಡೆದ ರನ್ನಿನ ವರ್ಗವನ್ನು ಎರಡೂ ವರ್ಗಗಳ ಮೊತ್ತದಿಂದ ಭಾಗಿಸಿದರೆ ಎಷ್ಟು ಪಾಲು ಗೆಲ್ಲಬೇಕಿತ್ತು ಅನ್ನುವುದು ಬರುತ್ತದೆ. ಹೇಳಿಕೊಟ್ಟೆ. ಅಪ್ಪ ಕ್ಯಾಲ್ಕುಲೇಟರ್ ಮುಟ್ಟದೆ ಕಾಗದದ ಮೇಲೆ ಗುಣಿಸಿದರು. ಶೇಕಡಾ 28, ಅಂದರೆ 45 ಗೆಲುವು.

"ನಾಲ್ಕು ವ್ಯತ್ಯಾಸ ಬರ್ತಿದೆ. ಎಲ್ಲಿ ಹೋಯ್ತು?"

"ಕೊನೆಯಲ್ಲಿ ಕೈಬಿಟ್ಟ ಆಟಗಳಲ್ಲಿ ಅಪ್ಪ. ಅದೃಷ್ಟನೂ ಸ್ವಲ್ಪ."

"ಅದೃಷ್ಟ ಅಂತ ಲೆಡ್ಜರ್‌ನಲ್ಲಿ ಬರೆಯಕ್ಕೆ ಬರಲ್ಲ" ಅಂತ ಹಿಂದಿನ ಪುಟ ತಿರುವುತ್ತಾ ಹೋದರು. ಮೇ 23ರ ಪ್ರಶ್ನಾರ್ಥಕ ಚಿಹ್ನೆಗೆ ಬೆರಳಿಟ್ಟು, "ಒಂದು ಸಿಕ್ತು ನೋಡು" ಅಂದರು.

ಅಕ್ಟೋಬರ್‌ನಲ್ಲಿ ಊರಿಗೆ ಹೋದರು. ಡಿಸೆಂಬರ್‌ನಲ್ಲಿ ಕ್ರೋಷೆಯನ್ನು ಬಾಸ್ಟನ್‌ಗೆ ಕೊಟ್ಟ ಸುದ್ದಿ ಬಂದಾಗ ಅಲ್ಲಿ ರಾತ್ರಿಯಾಗಿತ್ತು, ಬೆಳಗಾಗುವವರೆಗೆ ಕಾದು ಫೋನ್ ಮಾಡಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ.

"ಬದಲಿಗೆ ಯಾರನ್ನ ತಗೊಂಡ್ರು?"

"ನಾಲ್ಕು ಜನ ಹುಡುಗರು. ಕೈಲ್ ಟೀಲ್ ಅಂತ ಒಬ್ಬ, ಕ್ಯಾಚರ್."

"ತಡಿ, ಪೆನ್ನು ತರ್ತೀನಿ. ಎಡಗೈಯೋ ಬಲಗೈಯೋ?"

"ಎಡಗೈ ಬ್ಯಾಟಿಂಗ್."

"ಮಿಕ್ಕ ಮೂರು ಜನದ್ದೂ ನಿಧಾನಕ್ಕೆ ಹೇಳು" ಅಂದರು.